ಕಡ್ಡಾಯ ರಜೆ

ಸ್ಟ್ರಾಂಗ್ ರೂಮಿನ ಬಾಗಿಲು ತೆಗೆದು, ಕೌಂಟರುಗಳಿಗೆ ನಗದು ಕೊಟ್ಟು, ಅನಸೂಯಾ ತನ್ನ ಕುರ್ಚಿಗೆ ಬಂದು ಕೂರುವಷ್ಟರಲ್ಲಿ ಮ್ಯಾನೇಜರು ಒಳಗೆ ಕರೆದರು. ಯಾರದೋ ಸಾವಿನ ಸುದ್ದಿ ಹೇಳುವವರ ಹಾಗೆ ಅವರು ಧ್ವನಿ ತಗ್ಗಿಸಿದರು.

“ಮೇಡಂ, ಈಗಿಂದ ನೀವು ರಜೆ. ರೀಜನಲ್ ಆಫೀಸಿನಿಂದ ಮೇಲ್ ಬಂದಿದೆ. ಕೀ ಸಾಯಿಕಿರಣ್‌ಗೆ ಒಪ್ಪಿಸಿ ಹೊರಟುಬಿಡಿ.”

ಕಡ್ಡಾಯ ರಜೆ ಎನ್ನುವುದು ಬ್ಯಾಂಕಿನಲ್ಲಿ ಇದೆ ಎಂದು ಅವಳಿಗೆ ಗೊತ್ತಿತ್ತು. ಬೀಗದ ಕೈ, ಪಾಸ್‌ವರ್ಡು, ನಗದು ಇಂಥವುಗಳ ಜವಾಬ್ದಾರಿ ಇರುವವರನ್ನು ವರ್ಷಕ್ಕೊಮ್ಮೆ ಮುಂಚಿತವಾಗಿ ಹೇಳದೆ ಎರಡು ವಾರ ಮನೆಗೆ ಕಳಿಸಬೇಕು ಎಂಬುದು ನಿಯಮ. ಸುಳ್ಳು ಲೆಕ್ಕ ಬರೆದವನು ಅದನ್ನು ಮುಚ್ಚಿಕೊಳ್ಳಲು ದಿನಾ ಬಂದು ಕೂರಲೇಬೇಕು. ಎರಡು ವಾರ ಅವನನ್ನು ಕುರ್ಚಿಯಿಂದ ಎಬ್ಬಿಸಿದರೆ ಮುಚ್ಚಿದ್ದೆಲ್ಲ ತಾನಾಗಿ ಹೊರಗೆ ಬರುತ್ತದೆ. ಸಿಬ್ಬಂದಿ ಸಾಲದು ಎಂಬ ಕಾರಣಕ್ಕೆ ವೈಜಾಗಿನ ದ್ವಾರಕಾ ನಗರದ ಈ ಶಾಖೆಯಲ್ಲಿ ಇಷ್ಟು ವರ್ಷ ಅದನ್ನು ಯಾರೂ ನೆನಪಿಸಿಕೊಂಡಿರಲಿಲ್ಲ. ಈಗ ಯಾರೋ ನೆನಪಿಸಿಕೊಂಡಿದ್ದರು.

ಕೀ ಒಪ್ಪಿಸುವಾಗ ಸಾಯಿಕಿರಣ್ ತೆಲುಗಿನಲ್ಲಿ ಪಿಸುಗುಟ್ಟಿದ. “ಮೇಡಂಗಾರೂ, ನಿಜ ಹೇಳಿ, ಎಷ್ಟು ನುಂಗಿದ್ದೀರಿ? ಅರ್ಧ ನಂಗೆ ಕೊಡಿ, ಬಾಯಿ ಮುಚ್ಕೊಂಡಿರ್ತೀನಿ.”

“ನುಂಗಿದ್ದಿದ್ರೆ ಮಧುರವಾಡದಿಂದ ದಿನಾ ಬಸ್ಸಲ್ಲಿ ನಿಂತ್ಕೊಂಡು ಬರ್ತಿದ್ನೇನಯ್ಯಾ?”

“ಅದೇ ಅಲ್ವಾ ತೆಲಿವಿ, ಬುದ್ಧಿವಂತಿಕೆ! ಕಳ್ಳರು ಯಾವಾಗಲೂ ಬಸ್ಸಲ್ಲೇ ಬರೋದು.” ಕೌಂಟರಿನಲ್ಲಿದ್ದವರೆಲ್ಲ ನಕ್ಕರು. “ಎಲ್ಲಿಗೆ ಹೋಗ್ತೀರಿ? ಸಿಂಗಪುರ? ಇಲ್ಲ, ನಮ್ಮ ಅರಕು ಬೆಟ್ಟನಾ?”

“ನೋಡೋಣ,” ಎಂದಳು.

ಹೊರಗೆ ಬಂದಾಗ ರಸ್ತೆಯಲ್ಲಿ ಬಿಸಿಲು ಇನ್ನೂ ಎಳೆಯದಾಗಿತ್ತು. ಕೆಲಸದ ದಿನ ಈ ಹೊತ್ತಿನಲ್ಲಿ ದ್ವಾರಕಾ ನಗರ ಹೀಗಿರುತ್ತದೆ ಎಂಬುದು ಅವಳಿಗೆ ಮರೆತೇಹೋಗಿತ್ತು. ಸೀರೆ ಅಂಗಡಿಯವನು ಬಾಗಿಲಿಗೆ ನೀರು ಚಿಮುಕಿಸುತ್ತಿದ್ದ. ಶೇರ್ ಆಟೋದವನು ಅವಳ ಮುಂದೆ ನಿಧಾನ ಮಾಡಿ, ಅವಳು ಕೈ ತೋರಿಸದೆ ಇದ್ದುದಕ್ಕೆ ಮುಂದೆ ಹೋದ. ಖುಷಿಯಾಗಬೇಕಿತ್ತು. ಅಥವಾ ಇಷ್ಟು ವರ್ಷ ದುಡಿದವಳನ್ನು ಕಳ್ಳಿಯ ಹಾಗೆ ಎಬ್ಬಿಸಿ ಕಳಿಸಿದರಲ್ಲ ಎಂದು ಅವಮಾನವಾದರೂ ಆಗಬೇಕಿತ್ತು. ಎರಡೂ ಆಗಲಿಲ್ಲ. ಬಸ್ಸು ಬಂತು, ಸೀಟು ಸಿಕ್ಕಿತು, ಕೂತಳು.

ಮಧುರವಾಡದ ಅಪಾರ್ಟ್‌ಮೆಂಟಿನಲ್ಲಿ ಅವಳೂ ಮಗಳು ಧನ್ಯಾಳೂ ಇರುತ್ತಿದ್ದರು. ಗಂಡ ರಮಾಕಾಂತ ಇನ್ನೊಂದು ಬ್ಯಾಂಕಿನಲ್ಲಿ ಅಧಿಕಾರಿ. ಐದು ವರ್ಷದ ಹಿಂದೆ ವಿಜಯವಾಡದ ಗವರ್ನರ್‌ಪೇಟೆ ಶಾಖೆಗೆ ವರ್ಗವಾಗಿ ಹೋದವರು ಎರಡನೇ ಮತ್ತು ನಾಲ್ಕನೇ ಶನಿವಾರ ಬಂದು ಭಾನುವಾರ ಸಂಜೆ ಹೊರಡುತ್ತಿದ್ದರು. ಕೀ ಇರುವವಳು ಸುಲಭವಾಗಿ ಊರು ಬಿಡುವಂತಿಲ್ಲವಾದ್ದರಿಂದ ಅವರೇ ಬರುವುದು, ಅವಳು ಹೋಗದಿರುವುದು ಎಂದು ಮೊದಲ ತಿಂಗಳಲ್ಲೇ ತೀರ್ಮಾನವಾಗಿಬಿಟ್ಟಿತ್ತು. ಚಿತ್ರದುರ್ಗದಲ್ಲಿ ಓರಗಿತ್ತಿಯ ಮಗಳ ಮದುವೆಗೂ ಅವಳು ಧಾರೆಯ ಹೊತ್ತಿಗೆ ತಲುಪಿ ಊಟ ಮಾಡಿದವಳೇ ರೈಲು ಹತ್ತಿದ್ದಳು.

ಈಗ ರಮಾಕಾಂತರಿಗೆ ಮತ್ತೆ ವರ್ಗದ ಸರದಿ. ಯಾವ ಊರು ಬೇಕು ಎಂದು ತಿಳಿಸಲು ಬರುವ ಸೋಮವಾರ ಕೊನೆಯ ದಿನ. ಕಳೆದ ಎರಡು ಸಲ ಬಂದಾಗಲೂ ಅವರು ಊಟದ ಹೊತ್ತಿನಲ್ಲಿ ಕೇಳಿದ್ದರು. “ಏನು ಕೇಳ್ಲಿ? ವೈಜಾಗ್ ತಾನೆ?” ಅವಳು ಎರಡು ಸಲವೂ, “ನಿಮಗೆ ಹೇಗೆ ಅನ್ಸುತ್ತೋ ಹಾಗೆ,” ಎಂದು ಸಾರು ಬಡಿಸಿದ್ದಳು. ಅವರು ವೈಜಾಗ್ ಕೇಳಿದರೆ ಸಿಗುತ್ತದೆ. ಸಿಕ್ಕರೆ ಮುಂದಿನ ತಿಂಗಳಿಂದ ಮೂವರೂ ಒಂದೇ ಮನೆಯಲ್ಲಿ. ಅದರಲ್ಲಿ ಯೋಚಿಸಬೇಕಾದದ್ದು ಏನೂ ಇರಲಿಲ್ಲ. ಆದರೂ ಆ ಮಾತು ಊಟದ ಮೇಜಿನ ಮೇಲೆ ಎತ್ತದೆ ಬಿಟ್ಟ ಪಾತ್ರೆಯ ಹಾಗೆ ಉಳಿದಿತ್ತು. ಈ ಶನಿವಾರವಂತೂ ಅವರು ಬರುವವರಿರಲಿಲ್ಲ. ಆಡಿಟ್ ಇದೆ ಎಂದು ವಾರದ ಹಿಂದೆಯೇ ಫೋನು ಮಾಡಿದ್ದರು.

ಸಂಜೆ ಕಾಲೇಜಿನಿಂದ ಬಂದ ಧನ್ಯಾ ಸುದ್ದಿ ಕೇಳಿ ಚಪ್ಪಾಳೆ ತಟ್ಟಿದಳು.

“ಅಮ್ಮಾ! ಸೂಪರ್! ಅಪ್ಪನೂ ಲೀವ್ ಹಾಕ್ಲಿ. ನೀವಿಬ್ರೂ ಫಾರಿನ್ ಹೋಗಿ. ನನ್ನ ಸೆಮಿಸ್ಟರ್ ಇದೆ, ನಾನು ಬರಲ್ಲ. ಹನಿಮೂನ್ ಅನ್ಕೋ.”

“ಸುಮ್ನಿರೇ.”

ಧನ್ಯಾ ಆಗಲೇ ಲ್ಯಾಪ್‌ಟಾಪ್ ತೆರೆದಿದ್ದಳು. ಯಾವುದೋ ಪ್ರವಾಸದ ಸೈಟಿನಲ್ಲಿ, ನಿಮಗೆ ತಕ್ಕ ರಜೆ ಯಾವುದು ಎಂದು ಪ್ರಶ್ನೆ ಕೇಳಿ ಉತ್ತರ ಹೇಳುವ ಆಟ. “ಫಸ್ಟ್ ಕ್ವೆಶ್ಚನ್. ಬೆಟ್ಟವಾ, ಸಮುದ್ರವಾ?”

“ಯಾವುದಾದ್ರೂ.”

“ಯಾವುದಾದ್ರೂ ಅಂತ ಆಪ್ಷನ್ ಇಲ್ಲಮ್ಮಾ.”

“ಬೆಟ್ಟ ಅನ್ನು. ನಿಮ್ಮಪ್ಪನಿಗೆ ಬೆಟ್ಟ ಇಷ್ಟ.”

“ಅಪ್ಪಂದಲ್ಲ, ನಿಂದು. ಸರಿ, ನೆಕ್ಸ್ಟ್. ಜನ ಇರೋ ಜಾಗನಾ, ಜನ ಇಲ್ದಿರೋದಾ?”

ಅನಸೂಯಾ ಯೋಚಿಸಿದಳು. ಯೋಚಿಸುತ್ತಿದ್ದೇನೆ ಎಂದುಕೊಂಡಳು. ತಲೆಯೊಳಗೆ ಕೈಹಾಕಿ ತಡಕಿದ ಹಾಗೆ, ಏನೂ ಸಿಗಲಿಲ್ಲ.

“ಅಬ್ಬಾ, ನಿನ್ ಜೊತೆ ಕಷ್ಟಂ,” ಧನ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. “ಹೋಟ್ಲಲ್ಲೂ ಹೀಗೇನೆ. ಸರ್ವರ್ ಹತ್ರ ಏನೇನಿದೆ ಅಂತ ಎಲ್ಲಾ ಹೇಳಿಸ್ತೀಯ, ಪಾಪ ಅವ್ನು ಉಪ್ಮಾ, ಪೆಸರಟ್ಟು, ಪೂರಿ ಅಂತ ಹಾಡ್ತಾನೆ, ಆಮೇಲೆ ಎರಡು ಇಡ್ಲಿ ಅಂತೀಯ. ಅಸಲು ನಿಂಗೇನು ಬೇಕಮ್ಮಾ?”

ಅವಳು ಎದ್ದು ರಮಾಕಾಂತರಿಗೆ ಫೋನು ಮಾಡಿದಳು. ವಿಷಯ ಹೇಳಿದಳು. ಹಿನ್ನೆಲೆಯಲ್ಲಿ ಏನೋ ಟಕ್ಕೆಂದ ಸದ್ದು, ಯಾರದೋ ಗಟ್ಟಿ ನಗು.

“ಇವತ್ತಿಂದಲೇ ರಜೆನಾ? ಒಳ್ಳೇದಾಯ್ತಲ್ಲ,” ಎಂದರು. “ಹಾಗಾದ್ರೆ ಇಲ್ಲಿಗೇ ಬಾ. ಕೂತು ಪ್ಲಾನ್ ಮಾಡೋಣ. ಎಲ್ಲಿಗೆ ಹೋಗ್ಬೇಕು ಅಂತೀಯೋ ಹೋಗೋಣ.”

ಮರುದಿನ ಅವಳು ವಿಜಯವಾಡದ ರೈಲು ಹತ್ತಿದಳು. ರಾಜಮಂಡ್ರಿ ದಾಟಿ ಗೋದಾವರಿಯ ಸೇತುವೆ ಬಂದಾಗ ಬೋಗಿಯ ಹೆಂಗಸರೆಲ್ಲ ಪರ್ಸು ತೆರೆದು ನಾಣ್ಯ ಹುಡುಕಿದರು. ಎದುರು ಕೂತಿದ್ದ ಹೆಂಗಸು ತನ್ನದನ್ನು ಕಿಟಕಿಯ ಸರಳಿನ ಆಚೆ ಎಸೆದು, ಕಣ್ಣು ಮುಚ್ಚಿ, ಅನಸೂಯಾಳಿಗೂ ಒಂದು ನಾಣ್ಯ ಚಾಚಿದಳು. “ತೀಸ್ಕೋಂಡಿ. ಮನಸಲ್ಲಿ ಏನಾದರೂ ಕೇಳ್ಕೊಂಡು ಹಾಕಿ. ತಾಯಿ ಕೊಡ್ತಾಳೆ.” ಅನಸೂಯಾ ನಾಣ್ಯ ಹಿಡಿದು ನೀರು ನೋಡುತ್ತ ಕೂತಳು. ನದಿ ಅಗಲವಾಗಿತ್ತು, ನಡುನಡುವೆ ಮರಳು ದಿಬ್ಬ. ಏನು ಕೇಳಿಕೊಳ್ಳಲಿ ಎಂದು ತೀರ್ಮಾನವಾಗುವ ಮೊದಲೇ ಸೇತುವೆ ಮುಗಿದು ಬಾಳೆತೋಟ ಬಂತು. ಆ ಹೆಂಗಸಿಗೆ ನಾಣ್ಯ ಹಿಂದೆ ಕೊಡಲು ಹೋದಾಗ ಅವಳು ಬೆಚ್ಚಿ ಕೈ ಹಿಂದೆಗೆದುಕೊಂಡಳು.

ರಮಾಕಾಂತರು ಒಂದು ದಿನದ ರಜೆ ಹಾಕಿ ಸ್ಟೇಷನ್ನಿಗೆ ಬಂದಿದ್ದರು. ಆಟೋ ಗವರ್ನರ್‌ಪೇಟೆಯ ಹೋಲ್‌ಸೇಲ್ ಅಂಗಡಿಗಳ ನಡುವೆ ತೂರಿ, ಪೇಪರ್ ಬಂಡಲು ಇಳಿಸುತ್ತಿದ್ದ ಲಾರಿಯ ಹಿಂದೆ ಬಹಳ ಹೊತ್ತು ನಿಂತು, ಒಂದು ಓಣಿಯ ತುದಿಯಲ್ಲಿ ಇಳಿಸಿತು. ಕೆಳಗೆ ಮನೆಯೊಡತಿ ಸೂರ್ಯಕಾಂತಮ್ಮ, ಮೇಲಿನ ಒಂದು ರೂಮು ಮತ್ತು ಅಡಿಗೆಮನೆ ಇವರದು. ಐದು ವರ್ಷದಲ್ಲಿ ಅನಸೂಯಾ ಅದನ್ನು ಫೋಟೋದಲ್ಲೂ ನೋಡಿರಲಿಲ್ಲ.

ರೂಮು ಚೊಕ್ಕಟವಾಗಿತ್ತು. ಫ್ಯಾನಿನ ಕೆಳಗೆ ನೇರ ಬರುವಂತೆ ಮಂಚವನ್ನು ಗೋಡೆಯಿಂದ ಎಳೆದು ಓರೆಯಾಗಿ ಹಾಕಿದ್ದರು. ಕಿಟಕಿಯಲ್ಲಿ ಕರಿಬೇವಿನ ಕುಂಡ. ಅಡಿಗೆಮನೆಯಲ್ಲಿ ಒಗ್ಗರಣೆ ಸಾಮಾನಿನ ಡಬ್ಬಿ, ಒರಳುಕಲ್ಲು, ಗೋಂಗೂರ ಸೊಪ್ಪು ಬಿಡಿಸಿಟ್ಟ ಮೊರ. ವೈಜಾಗಿನ ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಪ್ರತಿ ಸಲ ಕೇಳುವ ಮನುಷ್ಯ ಇಲ್ಲಿ ಪಂಚೆ ಎತ್ತಿಕಟ್ಟಿ, ಅವಳಿಗೆ ಕೂರಲು ಹೇಳಿ, ಗೋಂಗೂರ ಪಚ್ಚಡಿ ರುಬ್ಬಿದರು. ಅನ್ನಕ್ಕೆ ಎಸರಿಟ್ಟರು. ಏನನ್ನೋ ಗುನುಗುತ್ತಿದ್ದರು. ಅವಳು ನೋಡುತ್ತಿದ್ದಾಳೆ ಎಂದು ಗೊತ್ತಾದೊಡನೆ ಗುನುಗು ನಿಂತಿತು.

“ಯಾವಾಗ ಕಲಿತ್ರಿ ಇದೆಲ್ಲ?”

“ಆಂಟಿ ಹೇಳಿಕೊಟ್ರು. ಖಾರ ಆಯ್ತಾ?”

“ಇಲ್ಲ, ಚೆನ್ನಾಗಿದೆ.”

ಚೆನ್ನಾಗಿಯೇ ಇತ್ತು. ಇದ್ದದ್ದು ಒಂದೇ ಕುರ್ಚಿ. ಅವಳನ್ನು ಅದರಲ್ಲಿ ಕೂರಿಸಿ ಅವರು ಮಂಚದ ತುದಿಯಲ್ಲಿ ತಟ್ಟೆ ಹಿಡಿದು ಕೂತರು. ಯಾರದೋ ಮನೆಗೆ ಹೇಳದೆ ಹೋಗಿ ಊಟಕ್ಕೆ ಕೂತ ಹಾಗೆ ಅವಳಿಗೆ ಸಂಕೋಚವಾಯಿತು.

ಊಟವಾದ ಮೇಲೆ ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು ಪ್ಲಾನಿಗೆ ಕೂತರು. “ಹೇಳು. ನಮ್ಮ ದೇಶದಲ್ಲೋ, ಹೊರದೇಶವೋ?”

“ನೀವೇ ಹೇಳಿ.”

“ಅಂಡಮಾನ್? ನಿಂಗೆ ಸಮುದ್ರ ಇಷ್ಟ ಅಲ್ವಾ.”

“ದಿನಾ ನೋಡ್ತೀನಲ್ರೀ ಸಮುದ್ರ. ನಿಮಗೆ ಬೇಕಾದ್ರೆ ಕೊಡೈಕೆನಾಲ್‌ಗೇ ಹೋಗೋಣ. ನಿಮಗೆ ಅಲ್ಲಿನ ಚಳಿ ಇಷ್ಟ.”

“ನನಗಾ?” ರಮಾಕಾಂತರು ತಲೆ ಎತ್ತಿದರು. “ನನಗೆಲ್ಲಿ ಚಳಿ ಇಷ್ಟ? ಮೂಗು ಕಟ್ಕೊಂಡು ಒದ್ದಾಡ್ತೀನಿ. ಆ ಚಳಿ ಇಷ್ಟ ಆಗಿದ್ದು ನಿಂಗಲ್ವಾ?”

“ಯಾರು ಹೇಳಿದ್ದು?”

“ಮೊದಲನೇ ಸಲ ಹೋದಾಗ ನೀನೇ ಅಂದೆ. ಎಷ್ಟು ತಂಪಾಗಿದೆ ಅಂತ.”

“ತಂಪಾಗಿತ್ತು, ಅದಕ್ಕೆ ಅಂದೆ. ಚಳಿಗೆ ಮಂಡಿ ಹಿಡ್ಕೊಂಡು ವಾಪಸ್ ಬರೋವಾಗ ಬಸ್ಸಲ್ಲೆಲ್ಲ ಅತ್ತಿದ್ದೀನಿ.”

“ಮೂರು ಸಲ ಹೋದ್ವಲ್ಲೇ!”

“ನೀವು ಕರ್ಕೊಂಡು ಹೋದ್ರಿ.”

“ನಿನಗೋಸ್ಕರ ಹೋದ್ದು.”

“ನಿಮಗೋಸ್ಕರ ಬಂದದ್ದು.”

ಇಬ್ಬರೂ ನಕ್ಕರು. ಬಹಳ ದಿನದ ಮೇಲೆ ಒಟ್ಟಿಗೆ ನಕ್ಕದ್ದು. ನಗು ಮುಗಿದ ಮೇಲೆ ರಮಾಕಾಂತರು ಫೋನಿನಲ್ಲಿ ಬಾಲಿಯ ಚಿತ್ರ ತೋರಿಸಿದರು, ಆಮೇಲೆ ಕಾಶಿಯದು. ಪ್ರತಿ ಚಿತ್ರಕ್ಕೂ ಅವಳು, “ಹೋಗಬಹುದು,” ಎಂದಳು. ಆ ಮಾತು ಅವರಿಗೂ ಕೇಳಿಸುತ್ತಿರಲಿಲ್ಲ ಎಂದು ಅವಳಿಗೆ ಅನ್ನಿಸಿತು. ಚಿತ್ರಗಳನ್ನು ಸುಮ್ಮನೆ ಬೆರಳಿನಿಂದ ಸರಿಸುತ್ತಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಓಣಿಯಿಂದ ಕೂಗು ಬಂತು. “ರಮಾಕಾಂತ್‌ಗಾರೂ! ಬನ್ನಿ ಬನ್ನಿ! ಬೋರ್ಡು ಕಾಯ್ತಾ ಇದೆ!”

ಕೇರಂ ಬೋರ್ಡು. ಓಣಿಯ ಕೊನೆಯ ಪೇಪರ್ ಅಂಗಡಿಯ ಮುಂದೆ ದಿನಾ ಸಂಜೆ ನಾಲ್ಕು ಜನ ಸೇರುತ್ತಾರಂತೆ. ರಮಾಕಾಂತರು ಕಿಟಕಿಯಿಂದ, “ಇವತ್ತು ಆಗಲ್ಲ, ಮನೆಯವರು ಬಂದಿದಾರೆ,” ಎಂದು ಕೂಗಿ ವಾಪಸು ಬಂದು ಮಂಡಿಯ ಮೇಲೆ ಕೈಯಿಟ್ಟು ಕೂತರು. ವೈಜಾಗಿನಲ್ಲಿ ಅವರು ಶನಿವಾರ ಸಂಜೆಗಳನ್ನು ಹೀಗೇ ಕೂತು ಕಳೆಯುತ್ತಿದ್ದರು. ಅದು ಅವರ ಸ್ವಭಾವ ಎಂದು ಅವಳು ತಿಳಿದಿದ್ದಳು.

“ಹೋಗಿ ಬನ್ನಿ,” ಎಂದಳು.

“ಬೇಡ, ನೀನು ಬಂದಿದೀಯ.”

“ನಾನು ಸ್ವಲ್ಪ ಮಲಗ್ತೀನಿ. ಹೋಗಿ.”

ಅವರು ಮತ್ತೊಮ್ಮೆ ಹೇಳಿಸಿಕೊಳ್ಳದೆ ಚಪ್ಪಲಿ ಮೆಟ್ಟಿದರು. ಕಿಟಕಿಯಿಂದ ಅವಳು ನೋಡಿದಳು. ಬೋರ್ಡಿನ ಸುತ್ತ ನಿಂತವರಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಮಾತಾಡುತ್ತಿದ್ದವರು ರಮಾಕಾಂತರೇ. ತೆಲುಗಿನಲ್ಲಿ ಯಾರನ್ನೋ ಛೇಡಿಸುತ್ತಿದ್ದರು, ಒಬ್ಬನ ಬೆನ್ನಿಗೆ ಗುದ್ದಿದರು. ಫೋನಿನಲ್ಲಿ ಕೇಳಿದ್ದ ಆ ಗಟ್ಟಿ ನಗು ಅವರದೇ. ಇನ್ನೊಬ್ಬ ಹೆಂಗಸನ್ನು ಕಂಡಿದ್ದರೆ ಅತ್ತಾದರೂ ಬಿಡಬಹುದಿತ್ತು. ಅಲ್ಲಿ ಇದ್ದದ್ದು ಪೌಡರು ಚೆಲ್ಲಿದ ಒಂದು ಬೋರ್ಡು ಮಾತ್ರ.

ಸೂರ್ಯಕಾಂತಮ್ಮ ಕಾಫಿ ಹಿಡಿದು ಮೇಲೆ ಬಂದರು. ಅನಸೂಯಾಳನ್ನು ಮೇಲಿಂದ ಕೆಳಗೆ ನೋಡಿ, ತೃಪ್ತಿಯಾದವರಂತೆ ಮಂಚದ ಮೇಲೆ ಕೂತರು. “ಬಂದ್ರಾ ಅಮ್ಮಾ ಕೊನೆಗೂ! ನಿಮ್ಮ ಯಜಮಾನರಿಗೆ ಹೆಂಡತಿ ಇದಾರೆ ಅಂತಾನೇ ನಾನು ನಂಬಿರಲಿಲ್ಲ.” ತಮ್ಮ ಮಾತಿಗೆ ತಾವೇ ನಕ್ಕು ಮುಂದುವರಿಸಿದರು. “ಸರಿಯಾದ ಹೊತ್ತಿಗೇ ಬಂದಿದೀರಿ. ಶನಿವಾರ ಬೋಟಿಗೆ ನೀವೂ ಹೋಗ್ತೀರಾ? ಪಾಪಿಕೊಂಡಲು ಬೆಟ್ಟ ನೋಡಲೇಬೇಕು. ಗೋದಾವರಿ ದಡದಲ್ಲಿ ಬಿದಿರು ಗುಡಿಸಲಲ್ಲಿ ಒಂದು ರಾತ್ರಿ. ಎರಡು ತಿಂಗಳಿಂದ ಈ ಗಂಡಸರಿಗೆ ಬೇರೆ ಮಾತೇ ಇಲ್ಲ.”

ಅನಸೂಯಾ ಕಾಫಿ ಕುಡಿದಳು. “ಇನ್ನೂ ತೀರ್ಮಾನ ಆಗಿಲ್ಲ,” ಎಂದಳು.

ಶನಿವಾರ. ಆಡಿಟ್. ಅವರು ಫೋನಿನಲ್ಲಿ ಆ ಮಾತು ಹೇಳಿದ ಗಳಿಗೆ ಅವಳಿಗೆ ನೆನಪಾಯಿತು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅಯ್ಯೋ ಹೌದಾ ಎಂದಿದ್ದಳು. ಫೋನು ಇಟ್ಟ ಮೇಲೆ ಉಳಿದ ಬಟ್ಟೆಯನ್ನು ನಿಧಾನವಾಗಿ, ಒಂದೊಂದನ್ನೇ ಕೊಡವಿ ಹರವಿದ್ದಳು. ಸದ್ಯ, ಮೀನು ತರುವ ಓಡಾಟವಿಲ್ಲ, ಅವರಿಗೆ ಬೇಕಾದ ಚಾನೆಲ್ಲಿಲ್ಲ, ಭಾನುವಾರ ಮಧ್ಯಾಹ್ನ ಮಲಗಬಹುದು ಎಂದುಕೊಂಡಿದ್ದಳು. ಹಾಗೆಂದುಕೊಂಡದ್ದು ತನಗೇ ಗೊತ್ತಾಗದ ಹಾಗೆ ಎಂದುಕೊಂಡಿದ್ದಳು.

ರಮಾಕಾಂತರು ಬೆರಳಿಗೆಲ್ಲ ಪೌಡರು ಮೆತ್ತಿಕೊಂಡು ವಾಪಸು ಬಂದರು. ಅವಳು ಕುರ್ಚಿಯಿಂದ ಏಳದೆ ಕೇಳಿದಳು.

“ಶನಿವಾರದ ಬೋಟಿಗೆ ಬಟ್ಟೆ ಪ್ಯಾಕ್ ಮಾಡಿದ್ದೀರಾ?”

ಅವರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. “ಆಂಟಿ ಹೇಳಿದ್ರಾ?”

“ಹೂಂ.”

“ಬೇಜಾರು ಮಾಡ್ಕೋಬೇಡ. ಹೇಳೋಣ ಅಂತಿದ್ದೆ. ಅವರೆಲ್ಲ ಬಲವಂತ ಮಾಡಿದ್ರು. ನಾಳೆನೇ ಕ್ಯಾನ್ಸಲ್ ಮಾಡ್ತೀನಿ. ನಾವಿಬ್ರೂ ಎಲ್ಲಿಗಾದ್ರೂ...”

“ಬೇಡ. ಹೋಗಿ ಬನ್ನಿ.”

“ಕೋಪದಲ್ಲಿ ಹೇಳ್ತಿದೀಯಾ?”

“ಇಲ್ಲ ರೀ. ನೋಡಿ ನನ್ನ ಮುಖ. ಕೋಪ ಇದೆಯಾ?”

ಅವರು ನಿಜವಾಗಿಯೂ ನೋಡಿದರು. ತುಂಬ ಹೊತ್ತು ನೋಡಿ, ಮಂಚದ ಮೇಲೆ ಕೂತರು.

“ಸೋಮವಾರ ವೈಜಾಗ್ ಕೇಳ್ತೀನಿ ಅಂತೀರಲ್ಲ,” ಅವಳು ಕೇಳಿದಳು. “ಅದು ಯಾರಿಗೋಸ್ಕರ?”

“ಇದೇನು ಪ್ರಶ್ನೆ? ನೀನು ಒಬ್ಳೇ ಇದೀಯ ಅಲ್ಲಿ. ನಿಂಗೆ ಕಷ್ಟ ಆಗುತ್ತೆ ಅಂತ.”

“ನಂಗೆ ಕಷ್ಟ ಆಗ್ತಿಲ್ಲ.”

ಆ ಮಾತು ಹೇಳಿದ ಮೇಲೆ ಅವಳೇ ಅದನ್ನು ಕೇಳಿಸಿಕೊಂಡಳು. ಸುಳ್ಳಿರಲಿಲ್ಲ. ಗಡಸೂ ಇರಲಿಲ್ಲ.

“ನಿನಗೋಸ್ಕರ, ನಿಮಗೋಸ್ಕರ ಅಂತ ಇನ್ನೊಂದು ಕೊಡೈಕೆನಾಲ್ ಆಗೋದು ಬೇಡ,” ಎಂದಳು. “ನಿಮಗೆ ಬರಬೇಕು ಅನ್ಸಿದ್ರೆ ಕೇಳಿ. ನನಗೋಸ್ಕರ ಕೇಳ್ಬೇಡಿ.”

ರಮಾಕಾಂತರು ಬೆರಳುಗಳ ಪೌಡರನ್ನು ಉಜ್ಜಿ ಉಜ್ಜಿ ತೆಗೆಯುತ್ತಿದ್ದರು. ಓಣಿಯಲ್ಲಿ ಯಾರೋ ಅಂಗಡಿಯ ಶಟರು ಎಳೆದರು. “ಜನ ಏನಂತಾರೆ?” ಎಂದರು. ಆಮೇಲೆ ತುಂಬ ಸಣ್ಣ ದನಿಯಲ್ಲಿ, “ಇನ್ನೊಂದೆರಡು ವರ್ಷ ಇಲ್ಲೇ ಇರ್ತೀನಿ ಅಂದ್ರೆ ಬ್ಯಾಂಕಿನವರು ಬೇಡ ಅನ್ನಲ್ಲ,” ಎಂದರು.

“ಹಾಗೇ ಹೇಳಿ.”

“ಶನಿವಾರ ಬರ್ತಾ ಇರ್ತೀನಿ.”

“ಬನ್ನಿ. ಇಂಥ ಬೋಟ್ ಇದ್ರೆ ಬೋಟ್ ಅಂತ ಹೇಳಿ ಸಾಕು. ಆಡಿಟ್ ಬೇಡ.”

ಅವರು ನಗಲು ಹೋಗಿ ನಗಲಿಲ್ಲ. ಅವರ ಮುಖದಲ್ಲಿ ಏನೋ ಹಗುರವಾದದ್ದು ಅವಳಿಗೆ ಕಂಡಿತು. ಹಗುರವಾಗಿದ್ದಕ್ಕೆ ಅವರಿಗೇ ನೋವಾಗಿದ್ದೂ ಕಂಡಿತು. ತನ್ನ ಮುಖದಲ್ಲಿ ಅವರಿಗೆ ಏನು ಕಂಡಿತೋ.

“ಮತ್ತೆ ನೀನು?” ಅವರು ಕೇಳಿದರು. “ರಜೆಗೆ ಎಲ್ಲಿಗೆ ಹೋಗ್ತೀಯ? ನಿಜ ಹೇಳು ಈ ಸಲ.”

ಈ ಸಲ ಅವಳು ಯೋಚಿಸಬೇಕಾಗಲಿಲ್ಲ. ಮಧ್ಯಾಹ್ನದಿಂದ ಅವಳು ಈ ರೂಮನ್ನು ನೋಡುತ್ತಿದ್ದಳು. ಇಲ್ಲಿ ಅವಳು ಕೊಂಡ ಒಂದು ಪಾತ್ರೆ ಇರಲಿಲ್ಲ. ಒಗೆಯಬೇಕಾದ ಬೆಡ್‌ಶೀಟು, ತುಂಬಿಸಬೇಕಾದ ಡಬ್ಬಿ, ಒಂದು ದಿನ ಸರಿಮಾಡಬೇಕು ಎಂದುಕೊಂಡ ಕಪಾಟು, ಯಾವುದೂ ಅವಳದಲ್ಲ. ಈ ಓಣಿಯಲ್ಲಿ ಅವಳನ್ನು ಮೇಡಂ ಎಂದು ಕರೆಯುವ ಗಿರಾಕಿ ಇಲ್ಲ.

“ನೀವು ಬೋಟಿಗೆ ಹೋದ ಮೇಲೆ ನಾನು ಇಲ್ಲಿರ್ತೀನಿ. ಇದೇ ರೂಮಲ್ಲಿ.”

“ಇಲ್ಲೇನಾ? ಇಲ್ಲಿ ಏನಿದೆ?”

“ಏನೂ ಇಲ್ಲ. ಅದಕ್ಕೇ.”

ಶನಿವಾರ ಬೆಳಿಗ್ಗೆ ವ್ಯಾನು ಬಂತು. ನೀರಿನ ಮೋಟಾರು ಯಾವಾಗ ಹಾಕಬೇಕು, ಸ್ಟೌವಿನ ಎಡಗಡೆ ಬರ್ನರು ಹತ್ತುವುದಿಲ್ಲ, ಕರಿಬೇವಿಗೆ ಒಂದು ಚೊಂಬು ನೀರು ಸಾಕು ಎಂದೆಲ್ಲ ಹೇಳಿ ರಮಾಕಾಂತರು ಮೆಟ್ಟಿಲಿಳಿದರು. ಅರ್ಧದಲ್ಲಿ ನಿಂತು ತಿರುಗಿ ನೋಡಿದರು. ಅವಳು ಕೈ ಬೀಸಿದಳು. ಅವರೂ ಬೀಸಿದರು. ವ್ಯಾನಿನೊಳಗಿಂದ ಅವರನ್ನು ಹೆಸರು ಹಿಡಿದು ಕೂಗಿ ಸಿಳ್ಳೆ ಹಾಕಿದರು.

ಅವಳು ಬಾಗಿಲು ಮುಂದೆ ಮಾಡಿ ಮಂಚದ ಮೇಲೆ ಮಲಗಿದಳು. ಮಂಚವನ್ನು ಗೋಡೆಗೆ ನೇರ ಮಾಡಬೇಕು ಎಂದು ಕೈ ತುಡಿಯಿತು, ಮಾಡಲಿಲ್ಲ. ಫ್ಯಾನು ತಿರುಗುತ್ತಿತ್ತು. ಕೆಳಗೆ ಲಾರಿಯೊಂದು ಹಿಂದೆ ಬರುತ್ತ ಕೀಂ ಕೀಂ ಎನ್ನುತ್ತಿತ್ತು. ಸೂರ್ಯಕಾಂತಮ್ಮ ಊಟಕ್ಕೆ ಬರುತ್ತೀರಾ ಎಂದು ಕೂಗಿ ಕೇಳಿದರು. ಆಮೇಲೆ ಎಂದು ಕೂಗಿ ಹೇಳಿದಳು.

ಧನ್ಯಾಳ ಫೋನು ಬಂತು. “ಅಮ್ಮಾ, ಡಿಸೈಡ್ ಆಯ್ತಾ? ಎಲ್ಲಿಗೆ?”

“ಆಯ್ತು. ಗವರ್ನರ್‌ಪೇಟೆ.”

“ಜೋಕ್ ಮಾಡ್ಬೇಡ. ಅಪ್ಪ ಎಲ್ಲಿ?”

“ಫ್ರೆಂಡ್ಸ್ ಜೊತೆ ಪಾಪಿಕೊಂಡಲು ನೋಡಕ್ಕೆ ಹೋದ್ರು.”

“ಜಗಳ ಆಡಿದ್ರಾ?”

“ಇಲ್ವೇ.”

“ನಿಜಂಗಾ?”

“ಜಗಳ ಆಡೋವಷ್ಟು ಏನೂ ಇರ್ಲಿಲ್ಲ ಕಣೇ.”

“ಮತ್ತೆ ಸೋಮವಾರ ಅಪ್ಪ ವೈಜಾಗ್ ಕೇಳ್ತಾರಲ್ವಾ?”

“ಕೇಳಲ್ಲ. ಇಲ್ಲೇ ಇರ್ತಾರೆ. ನಾವಿಬ್ರೂ ಮಾತಾಡ್ಕೊಂಡ್ವಿ.”

ಧನ್ಯಾಳ ಉಸಿರು ಕೇಳಿಸುತ್ತಿತ್ತು. ಸಿಟ್ಟಿಗೇಳುತ್ತಾಳೆ ಎಂದು ಅನಸೂಯಾ ಕಾದಳು. ಧನ್ಯಾ ಸಿಟ್ಟಿಗೇಳಲಿಲ್ಲ. ಚಿಕ್ಕವಳಿದ್ದಾಗ ಜ್ವರ ಬಂದ ಅಮ್ಮನ ಹಣೆ ಮುಟ್ಟಿ ಕೇಳುತ್ತಿದ್ದಳಲ್ಲ, ಆ ದನಿಯಲ್ಲಿ ಕೇಳಿದಳು. “ಅಮ್ಮಾ, ನಿಂಗೆ ಬೇಜಾರಾಗ್ತಿಲ್ವಾ?”

ಹಲ್ಲು ಕೀಳಿಸಿಕೊಂಡು ಬಂದವರು ಇಂಜೆಕ್ಷನ್ ಇಳಿಯಿತೇ ಎಂದು ನಾಲಿಗೆಯಿಂದ ಮುಟ್ಟಿ ನೋಡುವ ಹಾಗೆ ಅನಸೂಯಾ ತನ್ನೊಳಗೆ ಮುಟ್ಟಿ ನೋಡಿಕೊಂಡಳು.

“ಇನ್ನೂ ಇಲ್ಲ,” ಎಂದಳು. “ಬೇಜಾರಾದ್ರೆ ಫೋನ್ ಮಾಡ್ತೀನಿ.”